ರಾಜೀನಾಮೆಯಿತ್ತ ಗವರ್ನರ್: ಬೆನಗಲ್ ರಾಮರಾವ್

ನೂರು ರೂಪಾಯಿಯ ನೋಟನ್ನು ಕೈಗೆತ್ತಿಕೊಂಡು ನೋಡಿದರೆ ಅದರ ಮೇಲೊಂದು ವಾಗ್ದಾನ ಕಾಣುತ್ತದೆ. ನೋಟು ತಂದವರಿಗೆ ನೂರು ರೂಪಾಯಿ ಕೊಡುವೆನೆಂದು ರಿಸರ್ವ್ ಬ್ಯಾಂಕಿನ ಗವರ್ನರ್ ಬರೆದುಕೊಟ್ಟ ಮಾತು ಅದು. ಕೆಳಗೆ ಅವರ ಸಹಿ ಇರುತ್ತದೆ. ಭಾರತ ಗಣರಾಜ್ಯವಾದ 1950ರಲ್ಲಿ ಇಂಗ್ಲೆಂಡಿನ ದೊರೆಯ ಮುಖ ನೋಟಿನಿಂದ ಮರೆಯಾಗಿ ಅಶೋಕಸ್ತಂಭದ ಸಿಂಹಗಳು ಬಂದವು. ಹಾಗೆ ಹೊರಬಂದ 2, 5, 10 ಮತ್ತು 100 ರೂಪಾಯಿಗಳ ಹೊಸ ನೋಟುಗಳ ಮೇಲೆ ಮೊದಲು ಸಹಿ ಹಾಕಿದವರು ದಕ್ಷಿಣ ಕನ್ನಡ ಮೂಲದ ಮನೆತನವೊಂದರ ಕುಡಿ, ಸರ್ ಬೆನಗಲ್ ರಾಮರಾವ್.

ಕನ್ನಡ ಸಾಹಿತ್ಯ ಬಲ್ಲವರಿಗೆ ಈ ಹೆಸರು ಕೇಳಿದೊಡನೆ ಬೇರೊಬ್ಬರು ನೆನಪಾಗುತ್ತಾರೆ. 1925ರಲ್ಲಿ ಬೆಳಗಾವಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ವಿದ್ವಾಂಸ ಬೆನಗಲ್ ರಾಮರಾಯರು ಬೇರೆ. ಹಣಕಾಸಿನ ಈ ರಾಮರಾಯರು ಬೇರೆ. ಮೊದಲನೆಯವರ ಹೆಸರು ಕನ್ನಡದ ಚರಿತ್ರೆಯಲ್ಲಿ ಉಳಿಯಿತು. ಎರಡನೆಯವರು ಏಳೂವರೆ ವರ್ಷ ದೇಶದ ಹಣದ ಮೇಲ್ವಿಚಾರಣೆ ನಡೆಸಿ, ಆ ಹುದ್ದೆಯಲ್ಲಿ ಅತಿ ದೀರ್ಘಕಾಲ ಇದ್ದವರೆಂಬ ದಾಖಲೆ ಬರೆದರೂ ಸ್ವಂತ ನಾಡಿನಲ್ಲೇ ಹೆಚ್ಚಿನವರಿಗೆ ಅಪರಿಚಿತರಾಗಿ ಉಳಿದರು. ಅವರ ಹೆಸರು ಪತ್ರಿಕೆಗಳಲ್ಲಿ ಮರುಕಳಿಸುವುದು ರಿಸರ್ವ್ ಬ್ಯಾಂಕಿಗೂ ಕೇಂದ್ರ ಸರ್ಕಾರಕ್ಕೂ ಜಟಾಪಟಿ ನಡೆದಾಗ ಮಾತ್ರ. ಅದಕ್ಕೆ ಕಾರಣ 1957ರ ಜನವರಿಯಲ್ಲಿ ಅವರು ಕೊಟ್ಟ ರಾಜೀನಾಮೆ.

ಕರಾವಳಿಯ ಮನೆತನ

ರಾಮರಾಯರು ಹುಟ್ಟಿದ್ದು 1889ರಲ್ಲಿ, ಚಿತ್ರಾಪುರ ಸಾರಸ್ವತ ಕುಟುಂಬವೊಂದರಲ್ಲಿ. ತಂದೆ ಬೆನಗಲ್ ರಾಘವೇಂದ್ರ ರಾವ್ ವೈದ್ಯರು. ಈ ಒಂದೇ ಮನೆಯಿಂದ ಬಂದ ಸೋದರರು ಹೊಸ ಭಾರತದ ಕಟ್ಟಡಕ್ಕೆ ಬೇರೆ ಬೇರೆ ಮೂಲೆಗಳಿಂದ ಹೆಗಲು ಕೊಟ್ಟರು. ಅಣ್ಣ ಬಿ.ಎನ್. ರಾವ್ ಸಂವಿಧಾನ ರಚನಾಸಭೆಯ ಸಲಹೆಗಾರರಾಗಿ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದರು. ಮುಂದೆ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ತಮ್ಮ ಬಿ. ಶಿವರಾವ್ ಹೆಸರಾಂತ ಪತ್ರಕರ್ತರು, ಸಂವಿಧಾನ ಸಭೆಯ ಸದಸ್ಯರು, 1952ರ ಮೊದಲ ಲೋಕಸಭೆಗೆ ದಕ್ಷಿಣ ಕನ್ನಡದಿಂದ ಆಯ್ಕೆಯಾದವರು.

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜುಗಳಲ್ಲಿ ಓದಿ ರಾಮರಾಯರು ಐ.ಸಿ.ಎಸ್. ಸೇರಿದರು. ಸೈಮನ್ ಆಯೋಗಕ್ಕೆ ಹಣಕಾಸಿನ ಸಲಹೆ, ಲಂಡನ್ನಿನಲ್ಲಿ ಉಪ ಹೈಕಮೀಷನರ್ ಹುದ್ದೆ, 1938ರಿಂದ ದಕ್ಷಿಣ ಆಫ್ರಿಕದಲ್ಲಿ ಭಾರತದ ಪ್ರತಿನಿಧಿತ್ವ, ಹೀಗೆ ಅವರ ಸೇವೆ ಸಾಗಿತು. 1941ರಿಂದ 1946ರವರೆಗೆ ಬೊಂಬಾಯಿ ಬಂದರು ಮಂಡಳಿಯ ಅಧ್ಯಕ್ಷರಾಗಿದ್ದರು. ಹತ್ತಿಯನ್ನೂ ಸಿಡಿಮದ್ದನ್ನೂ ಒಟ್ಟಿಗೆ ಹೊತ್ತು ನಿಂತಿದ್ದ ಹಡಗು ಸ್ಫೋಟಿಸಿ ನೂರಾರು ಜನ ಸತ್ತ 1944ರ ಏಪ್ರಿಲ್ ದುರಂತ ನಡೆದದ್ದು ಆ ಅವಧಿಯಲ್ಲೇ. ಸ್ವಾತಂತ್ರ್ಯಾನಂತರ ಜಪಾನಿನಲ್ಲಿ, ಬಳಿಕ ಅಮೆರಿಕದಲ್ಲಿ ಭಾರತವನ್ನು ಪ್ರತಿನಿಧಿಸಿದರು. ಅಲ್ಲಿಂದ ನೇರವಾಗಿ ರಿಸರ್ವ್ ಬ್ಯಾಂಕಿಗೆ ಕರೆ ಬಂತು.

ಪತ್ನಿ ಧನವಂತಿ ಕಾಶ್ಮೀರಿ ಮೂಲದವರಾದರೂ 1893ರಲ್ಲಿ ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯಲ್ಲಿ. ಕುಟುಂಬ ಯೋಜನೆ ಎಂಬ ಮಾತನ್ನು ಬಾಯಿಬಿಟ್ಟು ಆಡಲು ಜನ ಸಂಕೋಚಪಡುತ್ತಿದ್ದ 1949ರಲ್ಲಿ ಅದಕ್ಕಾಗಿಯೇ ಬೊಂಬಾಯಿಯಲ್ಲಿ ಸಂಸ್ಥೆ ಕಟ್ಟಿದ ಧೀಮಂತೆ. ಮಗಳು ಶಾಂತಾ ರಾಮರಾವ್ ಇಂಗ್ಲಿಷಿನ ಪ್ರಸಿದ್ಧ ಲೇಖಕಿಯಾದರು. ಗವರ್ನರರ ಬಂಗಲೆಯಲ್ಲಿ ಹಣದ ಮಾತಿಗಿಂತ ಬೇರೆ ಮಾತುಗಳೂ ಧಾರಾಳವಾಗಿದ್ದ ಕುಟುಂಬವಿದು.

ಸುಗ್ಗಿಯ ಹಣ

1949ರ ಜುಲೈ 1ರಂದು ರಾಮರಾಯರು ನಾಲ್ಕನೆಯ ಗವರ್ನರರಾಗಿ ಅಧಿಕಾರ ವಹಿಸಿಕೊಂಡಾಗ ಬ್ಯಾಂಕಿಗೆ ಹದಿನಾಲ್ಕು ವರ್ಷ. ಖಾಸಗಿ ಷೇರುದಾರರ ಸಂಸ್ಥೆಯಾಗಿ 1935ರಲ್ಲಿ ಆರಂಭವಾದ ಅದು ಅದೇ ವರ್ಷದ ಜನವರಿ 1ರಿಂದ ಸರ್ಕಾರದ ಸ್ವತ್ತಾಗಿತ್ತು. ಹಿಂದಿನ ಗವರ್ನರ್, ಆ ಸ್ಥಾನಕ್ಕೇರಿದ ಮೊದಲ ಭಾರತೀಯ ಸಿ.ಡಿ. ದೇಶಮುಖ್ ಮರುವರ್ಷವೇ ಹಣಕಾಸು ಮಂತ್ರಿಯಾದರು. ಕುರ್ಚಿಯ ಕಷ್ಟ ಬಲ್ಲವರೇ ದಿಲ್ಲಿಯಲ್ಲಿ ಕುಳಿತಿದ್ದರಿಂದ ಮುಂದಿನ ಆರು ವರ್ಷ ಬೊಂಬಾಯಿಗೂ ದಿಲ್ಲಿಗೂ ನಡುವೆ ಮಾತುಕತೆ ಸುಗಮವಾಗಿತ್ತು.

ಮೊದಲ ಪೆಟ್ಟು ಬಿದ್ದದ್ದು ಮೂರೇ ತಿಂಗಳೊಳಗೆ. 1949ರ ಸೆಪ್ಟೆಂಬರಿನಲ್ಲಿ ಬ್ರಿಟನ್ ತನ್ನ ಪೌಂಡಿನ ಬೆಲೆಯನ್ನು ಡಾಲರಿನೆದುರು ಶೇಕಡ 30ಕ್ಕೂ ಹೆಚ್ಚು ಇಳಿಸಿತು. ಪೌಂಡಿಗೆ ಕಟ್ಟಿಕೊಂಡಿದ್ದ ರೂಪಾಯಿಯೂ ಅಷ್ಟೇ ಇಳಿಯಿತು. ಪಾಕಿಸ್ತಾನ ಮಾತ್ರ ಇಳಿಸಲಿಲ್ಲ. ಕಲ್ಕತ್ತೆಯ ಸೆಣಬಿನ ಗಿರಣಿಗಳಿಗೆ ಬೇಕಾದ ಸೆಣಬು ಗಡಿಯಾಚೆ ಉಳಿದು ಎರಡೂ ದೇಶಗಳ ವ್ಯಾಪಾರ ಕೆಲಕಾಲ ಸ್ತಬ್ಧವಾಯಿತು. 1950ರ ಕೊರಿಯಾ ಯುದ್ಧ ಬೆಲೆಗಳಿಗೆ ಮತ್ತೆ ಕಿಚ್ಚಿಟ್ಟಿತು.

ಬೆಲೆ ಏರುವಾಗ ಹಣದ ಹರಿವನ್ನು ಬಿಗಿಮಾಡಬೇಕು. ಆದರೆ ಆಗಿನ ವ್ಯವಸ್ಥೆಯಲ್ಲಿ ಒಂದು ದೊಡ್ಡ ಕಿಂಡಿ ಇತ್ತು. ನಮ್ಮಲ್ಲಿ ಹಣಕ್ಕೂ ಋತುಗಳಿವೆ. ಪೈರು ಕೊಯ್ದು ಹತ್ತಿ, ಕಡಲೆಕಾಯಿ, ಭತ್ತ ಮಂಡಿಗೆ ಬರುವ ತಿಂಗಳುಗಳಲ್ಲಿ ವ್ಯಾಪಾರಿಗಳಿಗೆ ರಾಶಿ ಹಣ ಬೇಕು. ಮಳೆಗಾಲದಲ್ಲಿ ಅದು ಬ್ಯಾಂಕಿಗೆ ಮರಳುತ್ತದೆ. ಸುಗ್ಗಿಯ ಬೇಡಿಕೆ ಪೂರೈಸಲು ಬ್ಯಾಂಕುಗಳು ತಮ್ಮಲ್ಲಿದ್ದ ಸರ್ಕಾರಿ ಸಾಲಪತ್ರಗಳನ್ನು ರಿಸರ್ವ್ ಬ್ಯಾಂಕಿಗೆ ಮಾರಿ ಬೇಕಾದಷ್ಟು ನೋಟು ಒಯ್ಯುತ್ತಿದ್ದವು. ಎಷ್ಟು ಹಣ ಹೊರಗೆ ಹೋಗಬೇಕೆಂಬುದನ್ನು ಕೇಂದ್ರ ಬ್ಯಾಂಕಿನ ಬದಲು ಅದರ ಗಿರಾಕಿಗಳೇ ತೀರ್ಮಾನಿಸಿದಂತಾಗಿತ್ತು.

1951ರ ನವೆಂಬರಿನಲ್ಲಿ ರಾಮರಾಯರು ಆ ಕಿಂಡಿ ಮುಚ್ಚಿದರು. ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಮೂಲ ಬಡ್ಡಿಯನ್ನು, ಅಂದರೆ ಬ್ಯಾಂಕ್ ದರವನ್ನು, ಶೇಕಡ 3ರಿಂದ 3.5ಕ್ಕೆ ಏರಿಸಿದರು. 1935ರಿಂದ ಈಚೆಗೆ ಅದು ಏರಿದ್ದು ಅದೇ ಮೊದಲು. ಸುಗ್ಗಿಗಾಗಿ ಸಾಲಪತ್ರಗಳನ್ನು ಸಾಮಾನ್ಯವಾಗಿ ಕೊಳ್ಳುವುದಿಲ್ಲವೆಂದೂ ಸಾರಿದರು.

ಬಾಗಿಲು ಮುಚ್ಚಿ ಸುಮ್ಮನೆ ಕೂರಲಿಲ್ಲ. 1952ರ ಜನವರಿಯಲ್ಲಿ ಹುಂಡಿ ಮಾರುಕಟ್ಟೆ ಯೋಜನೆ ಬಂತು. ಇಷ್ಟು ದಿನಗಳ ನಂತರ ಇಷ್ಟು ಹಣ ಕೊಡುತ್ತೇನೆಂದು ವರ್ತಕ ಬರೆದುಕೊಟ್ಟ ಮುದ್ದತ್ತಿನ ಹುಂಡಿಯನ್ನು ಅಡವಿಟ್ಟುಕೊಂಡು ಬ್ಯಾಂಕುಗಳಿಗೆ ಸಾಲ ಕೊಡುವ ವ್ಯವಸ್ಥೆ ಅದು. ಹುಂಡಿಯ ಹಿಂದೆ ನಿಜವಾದ ವ್ಯಾಪಾರವಿರುತ್ತದೆ. ಸರಕು ಮಾರಾಟವಾದಾಗ ಸಾಲ ತೀರುತ್ತದೆ, ಹಣ ತಾನಾಗಿ ಮರಳುತ್ತದೆ. ಈ ಅಭ್ಯಾಸ ಹತ್ತಲೆಂದು ಬ್ಯಾಂಕ್ ದರಕ್ಕಿಂತ ಅರ್ಧ ಶೇಕಡ ಕಡಿಮೆ ಬಡ್ಡಿ ವಿಧಿಸಿದರು. ಹುಂಡಿಗೆ ತಗಲುವ ಛಾಪಾ ಸುಂಕದಲ್ಲಿ ಅರ್ಧವನ್ನು ರಿಸರ್ವ್ ಬ್ಯಾಂಕೇ ಹೊತ್ತಿತು. ಯೋಜನೆ ನೆಲೆಯೂರಿದ ಮೇಲೆ, 1956ರಲ್ಲಿ, ರಿಯಾಯಿತಿಗಳನ್ನು ಒಂದೊಂದಾಗಿ ಹಿಂತೆಗೆದುಕೊಂಡು ಬಡ್ಡಿಯನ್ನು ಶೇಕಡ 3.5ಕ್ಕೆ ತಂದರು. ಈ ಛಾಪಾ ಸುಂಕವೇ ಮುಂದೆ ಗವರ್ನರರ ನಿರ್ಗಮನಕ್ಕೂ ಕಾರಣವಾಗಲಿತ್ತು.

ನೂರಕ್ಕೆ ತೊಂಬತ್ತಮೂರು

ರಾಮರಾಯರ ಕಾಲದ ಕೆಲಸಗಳಲ್ಲಿ ಜನಜೀವನವನ್ನು ಹೆಚ್ಚು ಮುಟ್ಟಿದ್ದು ಗ್ರಾಮೀಣ ಸಾಲದ ಅಖಿಲ ಭಾರತ ಸಮೀಕ್ಷೆ. 1951ರಲ್ಲಿ ಬ್ಯಾಂಕು ಎ.ಡಿ. ಗೋರ್ವಾಲಾ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿತು. 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ಸುಮಾರು 1,27,000 ಕುಟುಂಬಗಳನ್ನು ವಿಚಾರಿಸಲಾಯಿತು. ರೈತನಿಗೆ ಸಾಲ ಎಲ್ಲಿಂದ ಬರುತ್ತದೆ ಎಂಬ ಸರಳ ಪ್ರಶ್ನೆಗೆ ಮೊದಲ ಬಾರಿ ಅಂಕಿಗಳಲ್ಲಿ ಉತ್ತರ ಸಿಕ್ಕಿತು.

1954ರಲ್ಲಿ ಹೊರಬಂದ ವರದಿ ದಿಲ್ಲಿಯನ್ನು ಬೆಚ್ಚಿಬೀಳಿಸುವಂತಿತ್ತು. ರೈತ ಪಡೆದ ಪ್ರತಿ ನೂರು ರೂಪಾಯಿ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ಮೂರು ರೂಪಾಯಿ ಚಿಲ್ಲರೆ. ಸರ್ಕಾರದ್ದೂ ಮೂರು ರೂಪಾಯಿ ಚಿಲ್ಲರೆ. ವಾಣಿಜ್ಯ ಬ್ಯಾಂಕುಗಳದ್ದು ಒಂದು ರೂಪಾಯಿಯೂ ಇಲ್ಲ. ಉಳಿದ ತೊಂಬತ್ತಮೂರು ರೂಪಾಯಿ ಸಾಹುಕಾರ, ವರ್ತಕ, ಜಮೀನುದಾರ, ನೆಂಟರಿಷ್ಟರ ಕೈಯಿಂದ ಬರುತ್ತಿತ್ತು. ಅದರಲ್ಲೂ ಸುಮಾರು ಎಪ್ಪತ್ತು ರೂಪಾಯಿ ಲೇವಾದೇವಿಗಾರರದು. ಅರ್ಧ ಶತಮಾನದ ಸಹಕಾರ ಚಳವಳಿ ಹಳ್ಳಿಯಲ್ಲಿ ಮೂರು ರೂಪಾಯಿಯಷ್ಟೇ ಬೇರು ಬಿಟ್ಟಿತ್ತು.

ವರದಿಯ ಶಿಫಾರಸಿನಂತೆ 1955ರ ಜುಲೈ 1ರಂದು ಇಂಪೀರಿಯಲ್ ಬ್ಯಾಂಕ್ ಸರ್ಕಾರದ ಹತೋಟಿಗೆ ಬಂದು ಸ್ಟೇಟ್ ಬ್ಯಾಂಕ್ ಆಯಿತು. ಐದು ವರ್ಷಗಳಲ್ಲಿ 400 ಹೊಸ ಶಾಖೆಗಳನ್ನು ತೆರೆಯುವ ಹೊಣೆ ಅದರ ಹೆಗಲೇರಿತು. ಕೃಷಿ ಸಾಲಕ್ಕಾಗಿ ರಿಸರ್ವ್ ಬ್ಯಾಂಕಿನಲ್ಲೇ ದೀರ್ಘಾವಧಿ ನಿಧಿ ಹುಟ್ಟಿತು. ಅದೇ ಶಿಫಾರಸಿನ ಮುಂದುವರಿದ ಎಳೆ ಮೈಸೂರಿಗೂ ತಾಕಿತು. ಸಂಸ್ಥಾನದ ಕಾಲದಲ್ಲಿ, 1913ರಲ್ಲಿ, ಸ್ಥಾಪನೆಯಾಗಿದ್ದ ಬ್ಯಾಂಕ್ ಆಫ್ ಮೈಸೂರು 1960ರಲ್ಲಿ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಗಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎನಿಸಿತು. 2017ರಲ್ಲಿ ಮಾತೃಸಂಸ್ಥೆಯಲ್ಲೇ ಲೀನವಾಯಿತು. ತಾಲ್ಲೂಕು ಕೇಂದ್ರದಲ್ಲಿ ಸರ್ಕಾರಿ ಬ್ಯಾಂಕಿನ ಫಲಕ ಕಾಣುವಂತಾದುದರ ಹಿಂದೆ ಈ ಸಮೀಕ್ಷೆಯಿದೆ.

ರಾಮರಾಯರು ಯೋಜನೆಗಳ ವಿರೋಧಿಯಾಗಿದ್ದರು, ಹಳೆಯ ಕಾಲದ ಬಿಗಿಮುಷ್ಟಿಯ ಅಧಿಕಾರಿಯಾಗಿದ್ದರು ಎಂದು ಹೇಳುವಂತಿಲ್ಲ. ಎರಡನೆಯ ಪಂಚವಾರ್ಷಿಕ ಯೋಜನೆಗೆ ಸರ್ಕಾರ 1,200 ಕೋಟಿ ರೂಪಾಯಿಗಳ ಕೊರತೆ ಹಣವನ್ನು ನೆಚ್ಚಿಕೊಂಡಿತ್ತು. ಹೊರಡಿಸಿದ ನೋಟುಗಳ ಶೇಕಡ 40ರಷ್ಟಕ್ಕೆ ಚಿನ್ನ ಮತ್ತು ವಿದೇಶಿ ಸಾಲಪತ್ರಗಳ ಆಧಾರವಿರಬೇಕೆಂಬ ಹಳೆಯ ಕಟ್ಟಳೆ ಅದಕ್ಕೆ ಅಡ್ಡಿಯಾಗಿತ್ತು. 1956ರಲ್ಲಿ ಕಾಯ್ದೆ ತಿದ್ದಿ, 115 ಕೋಟಿಯ ಚಿನ್ನ ಮತ್ತು 400 ಕೋಟಿಯ ವಿದೇಶಿ ಸಾಲಪತ್ರ ಇದ್ದರೆ ಸಾಕೆಂದು ಬದಲಾಯಿಸಿದ್ದು ಅವರ ಅವಧಿಯಲ್ಲೇ. ಹೀಗೆ ನೋಟಿನ ಮೇಲಿದ್ದ ಹಳೆಯ ಕಡಿವಾಣ ಸಡಿಲವಾದ ಮೇಲೆ ಉಳಿದ ಕಡಿವಾಣವೆಂದರೆ ಬ್ಯಾಂಕಿನ ವಿವೇಚನೆ ಒಂದೇ. ಆ ವಿವೇಚನೆ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆ ಅದೇ ವರ್ಷ ಎದ್ದಿತು.

ಛಾಪಾ ಸುಂಕದ ಜಗಳ

ಬೊಂಬಾಯಿ ನಗರದ ಭವಿಷ್ಯದ ಪ್ರಶ್ನೆಯ ಮೇಲೆ ದೇಶಮುಖ್ 1956ರಲ್ಲಿ ಸಂಪುಟ ತೊರೆದರು. ಅವರ ಸ್ಥಾನಕ್ಕೆ ಬಂದವರು ಟಿ.ಟಿ. ಕೃಷ್ಣಮಾಚಾರಿ. ಮದ್ರಾಸಿನ ಉದ್ಯಮಿ, ಚುರುಕು ಬುದ್ಧಿ, ಅಷ್ಟೇ ಚುರುಕು ನಾಲಗೆ. ಯೋಜನೆಗೆ ಹಣ ಹೊಂದಿಸುವ ಧಾವಂತ ಅವರದು. ವಿದೇಶಿ ವಿನಿಮಯದ ದಾಸ್ತಾನು ದಿನೇದಿನೇ ಕರಗುತ್ತಿತ್ತು.

ನವೆಂಬರ್ 30ರಂದು ಅವರು ಲೋಕಸಭೆಯ ಮುಂದಿಟ್ಟ ತೆರಿಗೆ ಪ್ರಸ್ತಾವಗಳಲ್ಲಿ ಹುಂಡಿಗಳ ಮೇಲಿನ ಛಾಪಾ ಸುಂಕದ ಭಾರೀ ಏರಿಕೆಯೂ ಇತ್ತು. ಹೊರನೋಟಕ್ಕೆ ಅದೊಂದು ಸಣ್ಣ ತೆರಿಗೆ. ಆದರೆ ಹುಂಡಿಯ ಮೇಲೆಯೇ ರಿಸರ್ವ್ ಬ್ಯಾಂಕಿನ ಸಾಲ ನಿಂತಿದ್ದರಿಂದ, ಸುಂಕ ಏರಿದರೆ ಬ್ಯಾಂಕುಗಳಿಗೆ ಬೀಳುವ ಸಾಲದ ಖರ್ಚು ಶೇಕಡ 3.5ರಿಂದ ಸುಮಾರು 4ಕ್ಕೆ ಏರುತ್ತಿತ್ತು. ಬಡ್ಡಿದರದ ಕೀಲಿಯನ್ನು ಗವರ್ನರರ ಮೇಜಿನಿಂದ ತೆಗೆದು ಮಂತ್ರಿಯ ಮೇಜಿನ ಮೇಲಿಟ್ಟಂತಾಯಿತು.

ರಾಮರಾಯರು ಇದನ್ನು ಬ್ಯಾಂಕಿನ ಕೇಂದ್ರ ಮಂಡಳಿಯ ಮುಂದೆ ಲಿಖಿತವಾಗಿ ಇಟ್ಟರು. ಹಣದ ನೀತಿಯ ಮೇಲೆ ಗಣನೀಯ ಪರಿಣಾಮ ಬೀರುವ ಕ್ರಮಗಳ ಬಗ್ಗೆ ಸರ್ಕಾರ ಬ್ಯಾಂಕಿನೊಡನೆ ಮೊದಲೇ ಸಮಾಲೋಚಿಸಬೇಕೆಂದು ಮಂಡಳಿ ಡಿಸೆಂಬರಿನಲ್ಲಿ ನಿರ್ಣಯ ಮಾಡಿತು. ಬೇಡಿಕೆ ಅಷ್ಟೇ: ಮಾಡುವ ಮುನ್ನ ಒಂದು ಮಾತು ಕೇಳಿ. ಕೃಷ್ಣಮಾಚಾರಿಯವರಿಗೆ ಅದು ಅಧಿಕಪ್ರಸಂಗವೆನಿಸಿತು. ರಿಸರ್ವ್ ಬ್ಯಾಂಕು ಸರ್ಕಾರದ ಒಂದು ಇಲಾಖೆಯಷ್ಟೇ ಎಂಬರ್ಥದ ಅವರ ಮಾತುಗಳು ಸಂಸತ್ತಿನಲ್ಲೂ ಹೊರಗೂ ಕೇಳಿಬಂದವು. ಆ ಲೋಕಸಭೆಯ ಸದಸ್ಯರಲ್ಲಿ ಗವರ್ನರರ ತಮ್ಮ ಶಿವರಾಯರೂ ಒಬ್ಬರೆಂಬುದು ಸಂದರ್ಭದ ವಿಚಿತ್ರ. ತಾವು ಎದುರಿಸಿದ ಒರಟು ಮಾತು, ನಡವಳಿಕೆಗಳ ಬಗ್ಗೆ ರಾಮರಾಯರು ಪ್ರಧಾನಿಗೆ ದೂರಿದರು.

ಇಲ್ಲೊಂದು ಸ್ವಾರಸ್ಯವಿದೆ. ಸಾಲ ಬಿಗಿಯಾಗಬೇಕೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಗವರ್ನರರು ಅದೇ ತಿಂಗಳು ಹುಂಡಿ ಸಾಲದ ಬಡ್ಡಿ ಏರಿಸಿದ್ದರು. ಮಂತ್ರಿಯ ಸುಂಕದ ಗುರಿಯೂ ಅದೇ ದಿಕ್ಕಿನದು. ಬಂಡಿ ಹೋಗಬೇಕಾದ ದಾರಿಯ ಬಗ್ಗೆ ಜಗಳವಿರಲಿಲ್ಲ. ಹಗ್ಗ ಹಿಡಿಯುವವರು ಯಾರೆಂಬುದಷ್ಟೇ ಜಗಳ.

ನೆಹರೂ ತೀರ್ಪು

1957ರ ಹೊಸ ವರ್ಷದ ದಿನ ನೆಹರೂ ಗವರ್ನರರಿಗೆ ಪತ್ರ ಬರೆದರು. ಬ್ಯಾಂಕಿಗೆ ತನ್ನದೇ ಸ್ಥಾನವಿದೆ, ಸರ್ಕಾರಕ್ಕೆ ಸಲಹೆ ಕೊಡಬಹುದು. ಆದರೆ ಹಣದ ನೀತಿ ಸರ್ಕಾರದ ವಿಶಾಲ ನೀತಿಗಳನ್ನು ಅನುಸರಿಸಬೇಕೇ ಹೊರತು ಅವಕ್ಕೆ ಎದುರಾಗಿ ನಡೆಯಲಾಗದು ಎಂಬುದು ಅದರ ತಾತ್ಪರ್ಯ. ಮಂಡಳಿಯ ಮುಂದಿಟ್ಟ ಟಿಪ್ಪಣಿಯ ಧಾಟಿಯನ್ನೂ ಅವರು ಮೆಚ್ಚಲಿಲ್ಲ. ಮುಂದುವರಿಯಲು ಆಗದೆನಿಸಿದರೆ ರಾಜೀನಾಮೆ ಕೊಡಬಹುದೆಂಬ ಸೂಚನೆಯೂ ಅದರಲ್ಲಿತ್ತು. ಪ್ರಧಾನಿ ತಮ್ಮ ಮಂತ್ರಿಯ ಪಕ್ಕದಲ್ಲಿ ನಿಂತಿದ್ದರು. ರಾಮರಾಯರು ರಾಜೀನಾಮೆ ಕಳಿಸಿ ಜನವರಿ 14ರಂದು ಅಧಿಕಾರ ಬಿಟ್ಟರು. ಬ್ಯಾಂಕಿನ ಅಧಿಕೃತ ಇತಿಹಾಸದ ಎರಡನೆಯ ಸಂಪುಟ 1998ರಲ್ಲಿ ಪ್ರಕಟವಾದಾಗ ಈ ಪತ್ರವ್ಯವಹಾರದ ವಿವರಗಳು ವಿಸ್ತಾರವಾಗಿ ಬೆಳಕಿಗೆ ಬಂದವು.

ನೆಹರೂ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಜನ ಮತ ಹಾಕಿದ್ದು ಸರ್ಕಾರಕ್ಕೆ. ಬೆಲೆಯೇರಿಕೆಗೂ ನಿರುದ್ಯೋಗಕ್ಕೂ ಜನ ಕೇಳುವುದು ಮಂತ್ರಿಯನ್ನೇ. ಚುನಾವಣೆ ಎದುರಿಸದ ಅಧಿಕಾರಿ ದೇಶದ ಆರ್ಥಿಕ ನೀತಿಗೆ ಅಡ್ಡ ನಿಲ್ಲಬಹುದೆ? 1948ರ ರಾಷ್ಟ್ರೀಕರಣದ ಕಾಯ್ದೆಯೂ ಸರ್ಕಾರದ ಪರವಾಗಿತ್ತು. ಗವರ್ನರರೊಡನೆ ಸಮಾಲೋಚಿಸಿ, ಸಾರ್ವಜನಿಕ ಹಿತಕ್ಕಾಗಿ ಬ್ಯಾಂಕಿಗೆ ನಿರ್ದೇಶನ ಕೊಡಬಹುದೆಂದು ಏಳನೆಯ ಕಲಮು ಹೇಳುತ್ತದೆ.

ರಾಮರಾಯರ ವಾದವೂ ಅಷ್ಟೇ ಗಟ್ಟಿ. ಏಳನೆಯ ಕಲಮು ಸಮಾಲೋಚಿಸಿ ಎನ್ನುತ್ತದೆ. ಛಾಪಾ ಸುಂಕದಲ್ಲಿ ನಡೆಯದೇ ಹೋದದ್ದು ಅದೇ. ನಿರ್ದೇಶನ ಕೊಡುವುದಾದರೆ ಲಿಖಿತವಾಗಿ ಕೊಟ್ಟು ಸರ್ಕಾರ ಅದರ ಹೊಣೆ ಹೊರಬೇಕು. ತೆರಿಗೆಯ ಹೆಸರಿನಲ್ಲಿ ಬಡ್ಡಿದರ ಬದಲಾದರೆ ನಾಳೆ ತಪ್ಪಿಗೆ ಉತ್ತರ ಹೇಳುವವರು ಯಾರು? ಸಾಲ ಪಡೆಯುವವರಲ್ಲಿ ಎಲ್ಲರಿಗಿಂತ ದೊಡ್ಡವರು ಸರ್ಕಾರವೇ. ಸಾಲಗಾರನೇ ಬಡ್ಡಿ ಗೊತ್ತುಮಾಡುವ ಅಂಗಡಿ ಹೆಚ್ಚು ಕಾಲ ನಡೆಯದು ಎಂಬುದು ಸಾಮಾನ್ಯ ವ್ಯವಹಾರಜ್ಞಾನ.

ಇಂಥ ಜಗಳ ಇದೇ ಮೊದಲೂ ಅಲ್ಲ. ಮೊದಲ ಗವರ್ನರ್ ಆಸ್ಬರ್ನ್ ಸ್ಮಿತ್ ಬ್ರಿಟಿಷ್ ಆಡಳಿತದ ಹಣಕಾಸು ಸದಸ್ಯ ಜೇಮ್ಸ್ ಗ್ರಿಗ್ ಜೊತೆ ಬಡ್ಡಿ, ವಿನಿಮಯ ದರಗಳ ವಿಷಯದಲ್ಲಿ ಕೆಡಿಸಿಕೊಂಡು 1937ರಲ್ಲಿ ಅವಧಿಗೆ ಮುನ್ನವೇ ಹೊರನಡೆದಿದ್ದರು. ಒಂದೇ ಒಂದು ನೋಟಿನ ಮೇಲೂ ಅವರ ಸಹಿ ಇಲ್ಲ. ದೊರೆಗಳು ಬದಲಾದರೂ ಕುರ್ಚಿಯ ಇಕ್ಕಟ್ಟು ಬದಲಾಗಿರಲಿಲ್ಲ.

ಉಳಿದದ್ದು

ಮುಂದಿನ ಘಟನೆಗಳು ಬೇಗ ಬೇಗ ನಡೆದವು. ಮಾರ್ಚ್ 1ರಂದು ಎಚ್.ವಿ.ಆರ್. ಅಯ್ಯಂಗಾರ್ ಗವರ್ನರರಾದರು. ಮೇ ತಿಂಗಳಲ್ಲಿ ಬ್ಯಾಂಕ್ ದರವನ್ನು ಶೇಕಡ 4ಕ್ಕೆ ಏರಿಸಲಾಯಿತು. ಜೊತೆಯಲ್ಲೇ ಛಾಪಾ ಸುಂಕವನ್ನು ಇಳಿಸಲಾಯಿತು. ಮಂತ್ರಿ ಸುಂಕದ ಮೂಲಕ ಮಾಡಹೊರಟಿದ್ದನ್ನು ಬ್ಯಾಂಕು ತನ್ನ ಸಾಧನದಿಂದಲೇ ಮಾಡಿತು. ನಾಲ್ಕು ತಿಂಗಳ ಹಿಂದೆ ಹೋದ ಗವರ್ನರರು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಅದೇ ವರ್ಷದ ಕೊನೆಗೆ ಜೀವವಿಮಾ ನಿಗಮ ಮುಂಧ್ರಾ ಕಂಪನಿಗಳ ಷೇರುಗಳಿಗೆ ಸುಮಾರು ಒಂದೂಕಾಲು ಕೋಟಿ ಸುರಿದದ್ದು ಬಯಲಾಯಿತು. ನ್ಯಾಯಮೂರ್ತಿ ಛಾಗ್ಲಾ ವಿಚಾರಣೆಯ ನಂತರ 1958ರ ಫೆಬ್ರವರಿಯಲ್ಲಿ ಕೃಷ್ಣಮಾಚಾರಿಯವರೂ ರಾಜೀನಾಮೆ ಕೊಡಬೇಕಾಯಿತು. ಸರ್ಕಾರದ ಕೈಯಲ್ಲಿರುವ ಹಣದ ಸಂಸ್ಥೆಗಳು ಮಂತ್ರಾಲಯದಿಂದ ಎಷ್ಟು ದೂರದಲ್ಲಿರಬೇಕೆಂಬ ಪ್ರಶ್ನೆಯನ್ನು ಆ ಹಗರಣ ಮತ್ತೊಂದು ಬಾಗಿಲಿನಿಂದ ಒಳಗೆ ತಂದಿತು.

ರಾಮರಾಯರು 1969ರ ಡಿಸೆಂಬರಿನಲ್ಲಿ ತೀರಿಕೊಂಡರು. ಅದೇ ವರ್ಷದ ಜುಲೈನಲ್ಲಿ ಹದಿನಾಲ್ಕು ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣಗೊಂಡಿದ್ದವು. ಅವರ ಕರಾವಳಿಯಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಅವುಗಳಲ್ಲಿ ಸೇರಿದ್ದವು. ಹಣದ ಮೇಲೆ ಸರ್ಕಾರದ ಹಿಡಿತ ಇನ್ನಷ್ಟು ಬಿಗಿಯಾದ ಕಾಲವದು. ಬ್ಯಾಂಕಿನ ಸ್ವಾಯತ್ತತೆಯ ಮಾತು ಮತ್ತೆ ಗಂಭೀರವಾಗಿ ಕೇಳಿಬಂದದ್ದು 1990ರ ದಶಕದ ಸುಧಾರಣೆಗಳ ಬಳಿಕ. 2016ರಲ್ಲಿ ಕಾಯ್ದೆ ತಿದ್ದಿ ಬಡ್ಡಿದರ ನಿರ್ಧಾರವನ್ನು ಆರು ಜನರ ಸಮಿತಿಗೆ ಒಪ್ಪಿಸಲಾಯಿತು. ಮೂವರು ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದವರು. ಸಮಬಲವಾದರೆ ಗವರ್ನರರ ಮತ ನಿರ್ಣಾಯಕ. ಬೆಲೆಯೇರಿಕೆ ಎಷ್ಟರೊಳಗಿರಬೇಕೆಂಬ ಗುರಿಯನ್ನು ಬ್ಯಾಂಕಿನೊಡನೆ ಸಮಾಲೋಚಿಸಿ ಸರ್ಕಾರ ಗೊತ್ತುಮಾಡುತ್ತದೆ. ಆ ಗುರಿ ಮುಟ್ಟುವ ಬಗೆಯನ್ನು ಸಮಿತಿ ತೀರ್ಮಾನಿಸುತ್ತದೆ. ಹಗ್ಗ ಯಾರ ಕೈಯಲ್ಲಿ ಎಂಬ 1956ರ ಪ್ರಶ್ನೆಗೆ ಅರವತ್ತು ವರ್ಷಗಳ ಮೇಲೆ ಸಿಕ್ಕ ಲಿಖಿತ ಉತ್ತರವಿದು.

ಉತ್ತರ ಪೂರ್ಣವಲ್ಲ. 2018ರಲ್ಲಿ ಬ್ಯಾಂಕಿಗೂ ಸರ್ಕಾರಕ್ಕೂ ಬಿರುಸಿನ ಮನಸ್ತಾಪ ಉಂಟಾಗಿ ಏಳನೆಯ ಕಲಮು ದೇಶದ ಬಾಯಲ್ಲೆಲ್ಲ ಆಡಿತು. ಆ ಡಿಸೆಂಬರಿನಲ್ಲಿ ಗವರ್ನರ್ ಊರ್ಜಿತ್ ಪಟೇಲ್ ವೈಯಕ್ತಿಕ ಕಾರಣಗಳೆಂದು ಹೇಳಿ ಹುದ್ದೆ ತ್ಯಜಿಸಿದಾಗ ಹಳೆಯ ಕಡತಗಳಿಂದ ರಾಮರಾಯರ ಹೆಸರು ಮತ್ತೆ ಹೊರಬಂತು.

ಆದರೆ ರಾಜೀನಾಮೆಯೊಂದರಿಂದಲೇ ಅವರನ್ನು ಅಳೆದರೆ ಅನ್ಯಾಯವಾದೀತು. ಹಳ್ಳಿಯ ಸಾಲದ ಲೆಕ್ಕ ತೆಗೆಸಿದ್ದು, ಸುಗ್ಗಿಯ ಹಣಕ್ಕೆ ಶಿಸ್ತು ತಂದದ್ದು, ಹೊಸ ಗಣರಾಜ್ಯದ ನೋಟಿಗೆ ನಂಬಿಕೆ ಗಳಿಸಿಕೊಟ್ಟದ್ದು ಏಳೂವರೆ ವರ್ಷಗಳ ಸದ್ದಿಲ್ಲದ ದುಡಿಮೆ. ಕೊನೆಯ ಆರು ವಾರಗಳ ಸಂಘರ್ಷಕ್ಕೆ ತೂಕ ಬಂದದ್ದೂ ಆ ದುಡಿಮೆಯಿಂದಲೇ. ಮಂತ್ರಿಯ ಮಾತಿಗೆ ಮಣಿದು ಕುರ್ಚಿಯಲ್ಲಿ ಉಳಿಯುವುದಾಗಲಿ, ಚುನಾಯಿತ ಸರ್ಕಾರವನ್ನು ಒಳಗಿನಿಂದ ಎದುರಿಸುತ್ತ ಕೂರುವುದಾಗಲಿ ಅವರಿಗೆ ಒಗ್ಗಲಿಲ್ಲ. ತಮ್ಮ ಮಾತನ್ನು ಬರಹದಲ್ಲಿಟ್ಟು ಎದ್ದು ಹೋದರು. ನೋಟಿನ ಮೇಲೆ ಸಹಿ ಹಾಕುವವರಿಗೆ ಆ ಸಹಿಯನ್ನು ನಿಲ್ಲಿಸುವ ಸ್ವಾತಂತ್ರ್ಯವೂ ಇರಬೇಕೆಂಬುದನ್ನು ಅವರು ತೋರಿಸಿಕೊಟ್ಟರು.